ತಂಬಾಕು ಕಾಯ್ದೆ ಯಾರ ಬಾಯಿಯನ್ನು ನೋಡಿ ಬರೆದದ್ದು?

ದಂತವೈದ್ಯೆ, ದಾವಣಗೆರೆ

ಹೋದ ತಿಂಗಳು ನಮ್ಮೂರಿನ ಮಂಡಕ್ಕಿ ಭಟ್ಟಿಗಳಿರುವ ಕಡೆ ಬಾಯಿ ತಪಾಸಣೆಯ ಶಿಬಿರ ಮಾಡಿದ್ದೆವು. ರಾತ್ರಿಯಿಡೀ ಭಟ್ಟಿಯ ಬೆಂಕಿಯ ಮುಂದೆ ನಿಂತು ಬಂದಿದ್ದ, ಇನ್ನೂ ಮೂವತ್ತು ದಾಟಿರದ ಒಬ್ಬ ಹುಡುಗ ಕುರ್ಚಿಯಲ್ಲಿ ಕೂತ. ಇಂಥ ಶಿಬಿರದಲ್ಲಿ ನಾವು ಮಾಡುವ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಲು ಹೇಳುತ್ತೇವೆ. ಅವನ ಬಾಯಿಗೆ ಒಂದು ಬೆರಳು ಹೋಯಿತು, ಎರಡನೆಯದು ಉಗುರಿನಷ್ಟು ಹೋಗಿ ನಿಂತಿತು. ಕೆನ್ನೆಯ ಒಳಪೊರೆ ಬಿಳಿಚಿಕೊಂಡು, ಮುಟ್ಟಿದರೆ ಒಣಗಿದ ತೊಗಲಿನಂತೆ ಗಟ್ಟಿಯಾಗಿತ್ತು. ಏನು ಊಟ ಮಾಡುತ್ತೀಯಪ್ಪಾ ಎಂದು ಕೇಳಿದರೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ತಿನ್ನುತ್ತೇನೆ, ಮೆಣಸಿನಕಾಯಿ ಮಂಡಕ್ಕಿ ಬಿಟ್ಟು ಎರಡು ವರ್ಷವಾಯಿತು ಎಂದ. ದಿನವೂ ಮೂಟೆಗಟ್ಟಲೆ ಮಂಡಕ್ಕಿ ಹುರಿಯುವವನು ಹೇಳಿದ ಮಾತಿದು.

ಏನು ಹಾಕುತ್ತೀಯ ಎಂದಾಗ ಅಂಗಿಯ ಜೇಬಿನಿಂದ ಎರಡು ಪೊಟ್ಟಣ ತೆಗೆದು ತೋರಿಸಿದ. ದೊಡ್ಡದು ಪಾನ್ ಮಸಾಲೆ, ಚಿಕ್ಕದು ತಂಬಾಕು. ದೊಡ್ಡದರ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯಲು ಬಾಯಿ ಸಾಲದ್ದರಿಂದ ಉಗುರಿನಿಂದ ಹರಿದು, ಚಿಕ್ಕದನ್ನು ಅದರೊಳಗೆ ಸುರಿದು, ಪೊಟ್ಟಣದ ಬಾಯಿ ಮಡಚಿ, ನಾಲ್ಕು ಸಲ ಕುಲುಕಿದ. ಎರಡೂ ಬೆರೆತರೆ ಅದೇ ಗುಟ್ಕಾ. ಕರ್ನಾಟಕದಲ್ಲಿ 2013ರ ಮೇ ತಿಂಗಳ ಕೊನೆಯಿಂದ ಗುಟ್ಕಾ ನಿಷೇಧವಿದೆ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಕೂಡದು ಎಂಬ 2011ರ ಆಹಾರ ಸುರಕ್ಷತಾ ನಿಯಮವೇ ಅದಕ್ಕೆ ಆಧಾರ. ಹಾಗಾದರೆ ಬೆರೆಸದೆ ಮಾರೋಣ ಎಂದು ತಯಾರಕರು ಒಂದನ್ನು ಎರಡು ಮಾಡಿದರು. ಕಾನೂನು ಬೇರ್ಪಡಿಸಿದ್ದನ್ನು ಅವನ ಅಂಗೈ ನನ್ನ ಕಣ್ಣೆದುರಿಗೇ ಒಂದು ಮಾಡಿತು.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ, ಅದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನಾವೆಲ್ಲ ಕೋಟ್ಪಾ ಎಂದು ಕರೆಯುವ 2003ರ ಕಾಯ್ದೆಯ ಹೆಸರನ್ನೇ ನೋಡಿ: 'ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ'. ನಮ್ಮ ದಾವಣಗೆರೆ, ಚಿತ್ರದುರ್ಗಗಳ ತಂಬಾಕು ಹೆಚ್ಚುಪಾಲು ಇರುವುದು ಆ 'ಇತರ' ಎಂಬ ಪದದೊಳಗೆ. ಬೀಡಿ, ಕಡ್ಡಿಪುಡಿ, ಹೊಗೆಸೊಪ್ಪು, ನಶ್ಯ, ಜೋಡಿ ಪೊಟ್ಟಣ ಎಲ್ಲವೂ ಅಲ್ಲಿಯೇ ಇವೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 8.8 ಮಂದಿ ಸೇದುವವರಾದರೆ, ಶೇ. 16.3 ಮಂದಿ ಹೊಗೆರಹಿತ ತಂಬಾಕು ಬಳಸುವವರು. ಹೆಂಗಸರಲ್ಲಿ ಹೊಗೆರಹಿತ ತಂಬಾಕಿನ ಪ್ರಮಾಣ ಶೇ. 10.3. ಇಷ್ಟಾದರೂ ನಮ್ಮ ಫಲಕ, ದಂಡ, ಜಾಹೀರಾತು, ಕೊನೆಗೆ ಶಾಲೆಯ ಗೋಡೆಯ ಮೇಲಿನ ಚಿತ್ರ ಕೂಡ ಹೊಗೆಯಾಡುವ ಸಿಗರೇಟಿನದೇ. ಯಾರ ಬಾಯಿಯನ್ನು ನೋಡಿ ಈ ನಿಯಮ ಬರೆದರು? ಅಂಗಡಿ, ತೋಟ, ಬೀಡಿ ಕೆಲಸ, ಆಸ್ಪತ್ರೆ, ಯಾವ ಕಡೆಯಿಂದ ಇದನ್ನು ಬಲ್ಲವರಾದರೂ ತಮ್ಮ ಅನುಭವವನ್ನು ಬರೆಯಬೇಕಾಗಿ ಕೋರುತ್ತೇನೆ.

ಹಳೇ ಬಸ್ ನಿಲ್ದಾಣದ ಅಂಗಡಿಯವನು

ಡಾಕ್ಟರಮ್ಮನವರಿಗೆ ನಮಸ್ಕಾರ. ನೀವು ಹೇಳಿದ ಜೋಡಿ ಪೊಟ್ಟಣವನ್ನು ಮಾರುವವನು ನಾನೇ. ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ. ಎರಡೂ ಬೇರೆ ಬೇರೆ ಸರಗಳಲ್ಲಿ ತೂಗುತ್ತವೆ, ಗಿರಾಕಿ ಒಂದೇ ಹೆಸರು ಹೇಳಿದರೆ ನಾನು ಎರಡನ್ನೂ ಹರಿದು ಕೊಡುತ್ತೇನೆ. ಬೇರೆ ಹೆಸರು ಹೇಳುವ ಅಗತ್ಯ ಅವನಿಗೂ ಇಲ್ಲ, ಕೇಳುವ ಅಗತ್ಯ ನನಗೂ ಇಲ್ಲ.

ಆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2025ರ ಮೇ ಕೊನೆಯಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಸಿಗರೇಟನ್ನು ಬಿಡಿಯಾಗಿ ಕೊಡುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇನ್ನೂರಿದ್ದ ದಂಡ ಸಾವಿರಕ್ಕೆ ಏರಿದೆ. ಒಪ್ಪಿಕೊಳ್ಳುತ್ತೇನೆ. ಆದರೆ ಮೇಡಂ, ಬಿಡಿ ಮಾರಾಟದ ನಿಷೇಧ ತಟ್ಟಿದ್ದು ಸಿಗರೇಟಿಗೆ ಮಾತ್ರ. ಬೀಡಿ ಮೊದಲಿನಿಂದಲೂ ಕಟ್ಟಿನಲ್ಲೇ ಹೋಗುತ್ತದೆ, ಕಟ್ಟೇ ಅಗ್ಗ. ಪೊಟ್ಟಣವಂತೂ ಹುಟ್ಟಿದ್ದೇ ಬಿಡಿಯಾಗಿ, ಒಂದು ಬಾಯಿಗೆ ಒಂದು. ಬಿಡಿ ಬೇಡ ಎನ್ನುವ ಕಾನೂನಿಗೆ ಪೊಟ್ಟಣ ಕಾಣಿಸುವುದೇ ಇಲ್ಲ.

ವಯಸ್ಸಿನ ವಿಷಯಕ್ಕೆ ಬಂದರೆ, ಕಾಲೇಜು ಹುಡುಗರನ್ನು ಹಿಂದಕ್ಕೆ ಕಳಿಸಿದ್ದೇನೆ. ಕಷ್ಟವಾಗುವುದು ಎಂಟು ವರ್ಷದ ಮಗು ಬಂದು "ಅಪ್ಪನಿಗೆ ಒಂದು ಕಟ್ಟು ಕೊಡಬೇಕಂತೆ" ಎಂದಾಗ. ಆ ಅಪ್ಪ ನನ್ನ ಪಕ್ಕದ ಬೀದಿಯವನು, ಹಮಾಲಿ ಮುಗಿಸಿ ಮಲಗಿರುತ್ತಾನೆ. ಕೊಡದಿದ್ದರೆ ಸಂಜೆ ಅವನೇ ಬಂದು ಜಗಳಕ್ಕೆ ನಿಲ್ಲುತ್ತಾನೆ.

ಇನ್ನೊಂದು ಮಾತು, ನನ್ನ ಸಂಕಟದ್ದು. ತಪಾಸಣೆಗೆ ಬಂದ ತಂಡವೊಂದು ನನಗೆ ರಸೀದಿ ಕೊಟ್ಟು ದಂಡ ಕಟ್ಟಿಸಿಕೊಂಡು ಹೋಯಿತು, ತಪ್ಪಿತ್ತು, ಕಟ್ಟಿದೆ. ಅದೇ ದಿನ ಮಧ್ಯಾಹ್ನ ನನಗೆ ಸರಕು ಹಾಕುವ ವಿತರಕನ ಗಾಡಿ ಅದೇ ಬೀದಿಯಲ್ಲಿ ಪೆಟ್ಟಿಗೆ ಇಳಿಸುತ್ತಿತ್ತು. ಆ ಗಾಡಿಯನ್ನು ಯಾರೂ ನಿಲ್ಲಿಸಲಿಲ್ಲ.

ನಿವೃತ್ತ ಆರೋಗ್ಯ ನಿರೀಕ್ಷಕ, ಚಿತ್ರದುರ್ಗ

ಅಂಗಡಿಯ ಯಜಮಾನರು ಹೇಳಿದ ಕೊನೆಯ ಮಾತು ನನಗೆ ಚುಚ್ಚಿತು, ಏಕೆಂದರೆ ಅಂಥ ತಂಡಗಳಲ್ಲಿ ನಾನೂ ಓಡಾಡಿದ್ದೇನೆ. ತಂಬಾಕು ಮಾರಕೂಡದ ಜಾಗ ಗುರುತಿಸಲು ಹಳದಿ ಗೆರೆ ಎಳೆದಿದ್ದೇವೆ, ಮಕ್ಕಳ ಕೈಯಲ್ಲಿ ಗುಲಾಬಿ ಕೊಡಿಸಿ ಅಂಗಡಿಯವರಿಗೆ ವಿನಂತಿ ಮಾಡಿದ್ದೇವೆ, ಶಾಲೆಯ ಸುತ್ತ ನೂರು ಗಜ ಅಳೆಯಲು ಟೇಪು ಸಾಲದೆ ಹೆಜ್ಜೆ ಎಣಿಸಿದ್ದೇವೆ. ಅದರಿಂದ ಏನೂ ಆಗಲಿಲ್ಲ ಎನ್ನಲಾರೆ. ಬಸ್ಸಿನೊಳಗೆ, ಕಚೇರಿಯೊಳಗೆ, ಸಿನಿಮಾ ಮಂದಿರದೊಳಗೆ ಹೊಗೆ ಇದ್ದ ಕಾಲ ನೆನಪಿರುವವರಿಗೆ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಧೂಮಪಾನ ನಿಷೇಧದ ನಿಯಮಗಳು ಏನು ಮಾಡಿದವು ಎಂಬುದು ಗೊತ್ತು. ರಾಜ್ಯದಲ್ಲಿ ತಂಬಾಕು ಬಳಸುವವರ ಪ್ರಮಾಣವೂ 2009-10ರಲ್ಲಿ ಶೇ. 28.2 ಇದ್ದದ್ದು 2016-17ರ ಹೊತ್ತಿಗೆ ಶೇ. 22.8ಕ್ಕೆ ಇಳಿದಿತ್ತು.

ಆದರೆ ಹೊಗೆಯನ್ನು ಕಂಡುಹಿಡಿಯುವುದು ಸುಲಭ. ಮೂಗಿಗೆ ಬಡಿಯುತ್ತದೆ, ಪಕ್ಕದವನು ದೂರು ಕೊಡುತ್ತಾನೆ. ಕೆನ್ನೆಯೊಳಗಿನ ಪೊಟ್ಟಣವನ್ನು, ಸೆರಗಿನ ಗಂಟಿನಲ್ಲಿರುವ ಕಡ್ಡಿಪುಡಿಯನ್ನು ಯಾರು ಕಂಡಾರು? ಅದು ಯಾರಿಗೂ ತೊಂದರೆ ಕೊಡದ ಚಟ ಎಂದು ನಾವೇ ಒಳಗೊಳಗೆ ಒಪ್ಪಿಕೊಂಡುಬಿಟ್ಟಿದ್ದೆವು. ಹೊಸದುರ್ಗದ ಕಡೆ ಒಂದು ಹಳ್ಳಿಯಲ್ಲಿ, ಬಾಣಂತಿಯೊಬ್ಬರು ಹಲ್ಲಿಗೆ ಕಡ್ಡಿಪುಡಿ ತಿಕ್ಕುತ್ತಾ ನನ್ನೊಡನೆ ಲಸಿಕೆಯ ವಿಷಯ ಮಾತಾಡಿದ್ದರು. ನಾನು ಲಸಿಕೆಯ ಕಾರ್ಡು ತುಂಬಿಕೊಂಡು ಎದ್ದುಬಂದೆ. ತಂಬಾಕಿನ ಮಾತೇ ಎತ್ತಲಿಲ್ಲ, ಎತ್ತಬೇಕೆಂದು ಹೊಳೆಯಲೂ ಇಲ್ಲ.

ಬೀಡಿ ಕಟ್ಟುವವರ ಮಗಳು

ಇಲ್ಲಿಯವರೆಗೆ ಎಲ್ಲರೂ ತಂಬಾಕು ಹಾಕುವವರ, ಮಾರುವವರ ವಿಷಯ ಬರೆದಿದ್ದೀರಿ. ಕಟ್ಟುವವರ ವಿಷಯವನ್ನು ನಾನು ಬರೆಯುತ್ತೇನೆ.

ನನ್ನ ಅಮ್ಮ ಬೆಳಗಿನ ಐದಕ್ಕೆ ಏಳುವ ಹೊತ್ತಿಗೆ, ಹಿಂದಿನ ರಾತ್ರಿ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ ಮೆತ್ತಗಾಗಿರುತ್ತದೆ. ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು ಕತ್ತರಿಯಿಂದ ಸುತ್ತಲೂ ಕತ್ತರಿಸುತ್ತಾರೆ, ನರ ದಪ್ಪಗಿರುವ ಎಲೆ ಒಡೆಯುತ್ತದೆ, ಅದು ನಷ್ಟದ ಲೆಕ್ಕಕ್ಕೆ ಹೋಗುತ್ತದೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಚಿಟಿಕೆ ತಂಬಾಕು ಹಾಕಿ, ಎರಡೂ ಕೈಯ ಬೆರಳುಗಳಿಂದ ಒಂದೇ ಉರುಳಿಗೆ ಸುರುಳಿ ಮಾಡಿ, ದಾರ ಸುತ್ತಿ, ತಲೆಯನ್ನು ಚಿಕ್ಕ ಕಬ್ಬಿಣದ ಕಡ್ಡಿಯಿಂದ ಒಳಕ್ಕೆ ಮಡಚುತ್ತಾರೆ. ಕೈ ಇಷ್ಟು ಮಾಡುವಾಗ ಕಣ್ಣು ಟೀವಿಯ ಮೇಲಿರಬಹುದು, ಬಾಯಿ ನನ್ನನ್ನು ಬೈಯುತ್ತಿರಬಹುದು, ಎಣಿಕೆ ಮಾತ್ರ ತಪ್ಪುವುದಿಲ್ಲ. ಇಪ್ಪತ್ತೈದಕ್ಕೆ ಒಂದು ಕಟ್ಟು. ಕೂಲಿ ಸಾವಿರದ ಲೆಕ್ಕ. ಮಧ್ಯಾಹ್ನ ಒಪ್ಪಿಸಲು ಹೋದಾಗ ಗುತ್ತಿಗೆದಾರ ಹಿಡಿಯಷ್ಟನ್ನು ಎತ್ತಿ, ಇವು ಸರಿಯಿಲ್ಲ ಎಂದು ಪಕ್ಕಕ್ಕೆ ಎಸೆಯುತ್ತಾನೆ. ಎಸೆದದ್ದಕ್ಕೆ ಕೂಲಿಯಿಲ್ಲ, ಆದರೆ ಎಸೆದ ಬೀಡಿಯನ್ನು ಅವನು ಮನೆಗೆ ಕೊಟ್ಟು ಕಳಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಮನೆ ಒಂದೇ ಕೋಣೆಯದು. ತಂಬಾಕಿನ ಪುಡಿ, ನಾವು ಮಲಗುವ ಚಾಪೆ, ತಮ್ಮನ ತೊಟ್ಟಿಲು, ಅನ್ನದ ಪಾತ್ರೆ ಎಲ್ಲವೂ ಅಲ್ಲೇ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬಂದ ಗೆಳತಿ ಸೀನಿದಾಗ, ನಿಮ್ಮನೆಯಲ್ಲಿ ಏನೋ ವಾಸನೆ ಎಂದಿದ್ದಳು. ನನಗೆ ಆ ವಾಸನೆ ಗೊತ್ತೇ ಇರಲಿಲ್ಲ, ಅದು ಮನೆಯ ವಾಸನೆಯಾಗಿತ್ತು. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ 1966ರ ಕಾನೂನು 2025ರವರೆಗೆ ಇತ್ತು, ಅದು ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತ್ತು. ಆದರೆ ಕಾರ್ಖಾನೆಗೆ ಬೇಕಾದ ಗಾಳಿ, ಬೆಳಕು, ಜಾಗದ ನಿಯಮವನ್ನು ನಮ್ಮ ಕೋಣೆಗೆ ಬಂದು ಅಳೆಯುವವರು ಯಾರು? ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಿಂದ ಬರುತ್ತಿದ್ದ ಸೆಸ್ಸನ್ನು ಜಿಎಸ್‌ಟಿ ಬಂದ 2017ರಲ್ಲಿ ತೆಗೆದರು. ನಾನು ಹೈಸ್ಕೂಲು ಮುಗಿಸಿದ್ದು ಆ ನಿಧಿಯಿಂದ, ಅಮ್ಮನ ಬೀಡಿ ಕಾರ್ಡಿನ ಮೇಲೆ ಬಂದ ವಿದ್ಯಾರ್ಥಿವೇತನದಿಂದ. ಆದ್ದರಿಂದ ಸೆಸ್ ಎಂಬ ಪದ ನನಗೆ ಬಜೆಟ್ಟಿನ ಪದವಲ್ಲ.

ಈಗ ನನ್ನ ಪ್ರಶ್ನೆ. ತಂಬಾಕು ಕಡಿಮೆಯಾಗಬೇಕೆಂದರೆ ತೆರಿಗೆ ಹೆಚ್ಚಿಸಬೇಕು ಎಂದು ತಜ್ಞರು ಬರೆಯುತ್ತಾರೆ. ಬೀಡಿಯ ಬೆಲೆ ಏರಿ ಮಾರಾಟ ಇಳಿದರೆ ಅಮ್ಮನಿಗೆ ಸಿಗುವ ಎಲೆ ಮೊದಲು ಕಡಿಮೆಯಾಗುತ್ತದೆ. ಆಗ ಯಾರು ಬರುತ್ತೀರಿ?

ಚನ್ನಗಿರಿ ತೋಟದವನು

ತಂಗಿಯ ಬರಹ ಓದಿ ಮನಸ್ಸು ಭಾರವಾಯಿತು. ಆದರೆ ದಂತವೈದ್ಯೆಯವರು ಮೊದಲ ಬರಹದಲ್ಲೇ ಪಾನ್ ಮಸಾಲೆಯನ್ನು ತಂಬಾಕಿನ ಜೊತೆ ಸೇರಿಸಿದ್ದಾರೆ. ನಾಳೆ ಅಡಿಕೆಯೇ ವಿಷ ಎನ್ನುತ್ತಾರೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಸೀಮೆಯಲ್ಲಿ ಮಗಳ ಮದುವೆ, ಮಗನ ಫೀಸು, ಬೋರ್‌ವೆಲ್ಲಿನ ಸಾಲ ಎಲ್ಲವೂ ಅಡಿಕೆಯ ಧಾರಣೆಯ ಮೇಲೆ ನಿಂತಿರುವುದು. ದೇವರ ಮುಂದೆ ಇಡುವ ತಾಂಬೂಲಕ್ಕೆ ಕಳಂಕ ಹಚ್ಚಬೇಡಿ. ಕೆಡಿಸಿದ್ದು ತಂಬಾಕು ಮತ್ತು ಅದಕ್ಕೆ ಹಾಕುವ ರಾಸಾಯನಿಕ, ಅಡಿಕೆಯಲ್ಲ.

ದಂತವೈದ್ಯೆ, ದಾವಣಗೆರೆ

ತೋಟದ ಯಜಮಾನರೇ, ನಿಮ್ಮ ಮನಸ್ಸು ನೋಯುತ್ತದೆಂದು ಗೊತ್ತಿದ್ದೂ ಇದನ್ನು ಬರೆಯಬೇಕಾಗಿದೆ, ಏಕೆಂದರೆ ಕುರ್ಚಿಯಲ್ಲಿ ಕೂತ ಆ ಹುಡುಗನ ಬಾಯಿ ಮುಚ್ಚಿಸುತ್ತಿರುವ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ಒಳಪೊರೆಯಲ್ಲಿ ನಾರು ಕಟ್ಟಿ ಬಿಗಿಯುವ ಈ ಕಾಯಿಲೆಯನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ, ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ಸಂಪುಟ ತಂಬಾಕಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತವಾದವುಗಳ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು, ಅದರಲ್ಲಿ ನಿಮ್ಮ ಮಾತು ಸರಿ. ಅದೇ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022ರಲ್ಲಿ ಜಗತ್ತಿನ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ, ಅದರಲ್ಲಿ 83,400 ನಮ್ಮ ದೇಶದ್ದು.

ಹಬ್ಬದ ದಿನ ಒಂದು ತಾಂಬೂಲ ಹಾಕಿದ ಅಜ್ಜಿಯನ್ನು ನಾನು ಹೆದರಿಸುತ್ತಿಲ್ಲ. ದಿನಕ್ಕೆ ಹತ್ತು ಹದಿನೈದು ಪೊಟ್ಟಣವನ್ನು ಕೆನ್ನೆಯಲ್ಲಿಟ್ಟುಕೊಂಡೇ ದುಡಿಯುವವರ ಮಾತು ಇದು. ತಂಬಾಕಿನ ಪೊಟ್ಟಣದ ಮೇಲೆ ಚಿತ್ರದ ಎಚ್ಚರಿಕೆ ಎರಡೂ ಬದಿಯಲ್ಲಿ ಶೇ. 85 ಜಾಗದಲ್ಲಿರಬೇಕೆಂದು 2016ರ ಏಪ್ರಿಲ್‌ನಿಂದ ನಿಯಮವಿದೆ. ಅವನ ಕೈಯಲ್ಲಿದ್ದ ದೊಡ್ಡ ಪೊಟ್ಟಣ ಪಾನ್ ಮಸಾಲೆಯದಾದ್ದರಿಂದ ಅದರ ಮೇಲೆ ಆ ಚಿತ್ರ ಇರಬೇಕಾಗಿರಲಿಲ್ಲ, ಇರಲೂ ಇಲ್ಲ. ಮೈಮೇಲೆ ಬಣ್ಣ, ಹೊಳಪು, ದೊಡ್ಡ ಅಕ್ಷರದ ಹೆಸರು. ಚಿತ್ರವಿದ್ದದ್ದು ಹೆಬ್ಬೆರಳಿನಷ್ಟು ಅಗಲದ ಚಿಕ್ಕ ಪೊಟ್ಟಣದ ಮೇಲೆ.

ಚನ್ನಗಿರಿ ತೋಟದವನು

ಅಂಕಿಗಳನ್ನು ಒಪ್ಪಲು ನನಗೆ ಸಮಯ ಬೇಕು. ಆದರೆ ಒಂದನ್ನು ಹೇಳಿಬಿಡುತ್ತೇನೆ: ನಮ್ಮ ಕೆಂಪಡಿಕೆ ಮಂಡಿಯಿಂದ ಹೋಗಿ ಸೇರುವುದು ತಾಂಬೂಲದ ತಟ್ಟೆಗಲ್ಲ, ಹೆಚ್ಚಿನದು ಆ ಪೊಟ್ಟಣಕ್ಕೇ. ಅದು ನಮಗೂ ಗೊತ್ತು. ನನ್ನ ತೋಟದಲ್ಲಿ ಸುಲಿಯಲು ಬರುವ ಹೆಂಗಸರ ಬಾಯಿಯನ್ನು ಒಮ್ಮೆ ನೋಡಿಸಬೇಕು ಎನ್ನಿಸಿದೆ. ಶಿಬಿರ ಈ ಕಡೆ ಬರುತ್ತದೆಯೇ?

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿ

ಶಿಬಿರದ ವಿಷಯದಲ್ಲಿ ಒಂದು ಸಂಶೋಧನೆಯನ್ನು ಇಲ್ಲಿ ನೆನಪಿಸಬೇಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಅಂದರೆ ವೈದ್ಯರಲ್ಲದವರು, ಮನೆಮನೆಗೆ ಹೋಗಿ ಜನರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತು. ಬಾಯಿ ನೋಡುವುದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ, ಯಾರ ಬಾಯಿ ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ತೊಡಕಿರುವುದು ಆ 'ಯಾರು' ಎಂಬುದರಲ್ಲಿಯೇ. ಮೇಲೆ ಹೇಳಿದ ತಂಬಾಕು ಸಮೀಕ್ಷೆಯ ಅಂದಾಜು ರಾಜ್ಯ ಮಟ್ಟದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ಇಳಿಯುತ್ತದೆ, ಆದರೆ ಜಿಲ್ಲೆಯ ಪತ್ರಿಕೆಯಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಶೇಕಡಾ ಅಂಕಿ ಕೊಟ್ಟು, 'ಯಾವುದೇ ಬಗೆಯ ತಂಬಾಕು' ಎಂದು ಒಟ್ಟು ಸೇರಿಸಿಬಿಡುತ್ತದೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರಿಗೆ ತುಂಬುವ ನಮೂನೆಯಲ್ಲೂ ಸೇದುವುದು ಮತ್ತು ಗುಟ್ಕಾ, ಖೈನಿ ಹಾಕುವುದು ಒಂದೇ ಪ್ರಶ್ನೆಯಲ್ಲಿವೆ. ಇಲ್ಲ ಎಂದರೆ ಸೊನ್ನೆ, ಹಿಂದೆ ಇತ್ತು ಅಥವಾ ಆಗಾಗ ಎಂದರೆ ಒಂದು, ದಿನವೂ ಎಂದರೆ ಎರಡು. ಕಡ್ಡಿಪುಡಿಯಿಂದ ಹಲ್ಲು ತಿಕ್ಕುವ ಅಜ್ಜಿಗೆ ಈ ಪ್ರಶ್ನೆ ಕೇಳಿದರೆ, ಅಯ್ಯೋ ನನಗೆ ಅಂಥ ಚಟ ಯಾವುದೂ ಇಲ್ಲವಮ್ಮ ಎನ್ನುತ್ತಾರೆ. ಸುಳ್ಳು ಹೇಳಿದ್ದಲ್ಲ, ಅವರ ಪಾಲಿಗೆ ಅದು ಹಲ್ಲುಪುಡಿ. ಅಜ್ಜಿಗೆ ಸೊನ್ನೆ ಬೀಳುತ್ತದೆ, ಬಾಯಿ ನೋಡುವ ಸಾಲಿನಲ್ಲಿ ಹಿಂದಕ್ಕೆ ಹೋಗುತ್ತಾರೆ. ಈ ನಮೂನೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಆದರೆ 'ಹಲ್ಲಿಗೆ ಏನು ತಿಕ್ಕುತ್ತೀರಿ?' ಎಂದು ಒಂದು ಮಾತು ಹೆಚ್ಚಿಗೆ ಕೇಳುವುದನ್ನು ಯಾರೂ ತಡೆಯುವುದಿಲ್ಲ.

ಇನ್ನು ಬೀಡಿ ತೆರಿಗೆಯ ಬಗ್ಗೆ ಕೇಳಿದ ಅಕ್ಕನಿಗೆ: 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಪರಿಹಾರ ಸೆಸ್ ಹಾಕಿದರು, ಬೀಡಿಗೆ ಹಾಕಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟು, ಗುಟ್ಕಾ, ಜರ್ದಾಗಳಿಗೆ ಶೇ. 40ರ ದರ ನಿಗದಿಪಡಿಸಿತು, ಅದೇ ಸಭೆಯಲ್ಲಿ ಬೀಡಿಯ ದರವನ್ನು ಶೇ. 28ರಿಂದ 18ಕ್ಕೂ, ಬೀಡಿ ಎಲೆಯ ದರವನ್ನು ಶೇ. 18ರಿಂದ 5ಕ್ಕೂ ಇಳಿಸಲು ತೀರ್ಮಾನಿಸಿತು. ಕಾರ್ಮಿಕರ ಹೆಸರಿನಲ್ಲಿ ಕೊಡುವ ಈ ರಿಯಾಯಿತಿ ಕಾರ್ಮಿಕರ ಮೊರದವರೆಗೆ ಬಂತೇ ಎಂದು ತಾವೇ ಹೇಳಬೇಕು.

ಬೀಡಿ ಕಟ್ಟುವವರ ಮಗಳು

ಬರಲಿಲ್ಲ. ಸಾವಿರಕ್ಕೆ ಕೊಡುವ ಕೂಲಿ ಒಂದು ರೂಪಾಯಿಯೂ ಏರಲಿಲ್ಲ. ತೆರಿಗೆ ಇಳಿದ ಸುದ್ದಿಯೂ ಅಮ್ಮನಿಗೆ ನಾನು ಹೇಳಿದ ಮೇಲೆಯೇ ಗೊತ್ತಾದದ್ದು.

ರೈಲ್ವೆ ಗೇಟಿನ ಓದುಗ

ಎಲ್ಲರೂ ಬೀಡಿಯನ್ನು ಸಿಗರೇಟಿನ ಸಮಕ್ಕೆ ತರುತ್ತಿದ್ದೀರಿ. ಬೀಡಿ ಎಲೆಯದ್ದು, ಕಾಗದ, ರಾಸಾಯನಿಕ ಯಾವುದೂ ಇಲ್ಲ, ತಂಬಾಕೂ ಕಡಿಮೆ. ನಮ್ಮ ತಾತ ಸೇದುತ್ತಲೇ ಎಂಬತ್ತು ವರ್ಷ ಬದುಕಿದ್ದರು.

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿ

ತಂಬಾಕು ಕಡಿಮೆ ಎಂಬುದು ನಿಜ. ಆದರೆ ಎಲೆ ಕಾಗದದಂತೆ ತಾನಾಗಿ ಉರಿಯುವುದಿಲ್ಲ, ಬಿಟ್ಟರೆ ಆರುತ್ತದೆ. ಆರದಂತೆ ಸೇದುವವನು ಮೇಲಿಂದ ಮೇಲೆ, ಆಳವಾಗಿ ಎಳೆಯಬೇಕಾಗುತ್ತದೆ. ಅದರಿಂದ ಟಾರ್ ಮತ್ತು ಇಂಗಾಲದ ಮಾನಾಕ್ಸೈಡ್ ಸಿಗರೇಟಿಗೆ ಕಡಿಮೆಯಿಲ್ಲದಷ್ಟು ಒಳಗೆ ಹೋಗುತ್ತವೆ. ಭಾರತದ ಸಾವುಗಳನ್ನು ಮನೆಮನೆಗೆ ಹೋಗಿ ವಿಚಾರಿಸಿ ಮಾಡಿದ, 2008ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಲ್ಲಿ ಬೀಡಿ ಸೇದುವ ಗಂಡಸರ ಆಯುಸ್ಸು ಸರಾಸರಿ 6 ವರ್ಷ, ಹೆಂಗಸರದು 8 ವರ್ಷ, ಸಿಗರೇಟು ಸೇದುವ ಗಂಡಸರದು 10 ವರ್ಷ ಕಡಿಮೆಯಾಗುವುದು ಕಂಡುಬಂತು. ಆರು ವರ್ಷವನ್ನು ಹತ್ತಕ್ಕೆ ಹೋಲಿಸಿ ಸಮಾಧಾನ ಪಡುವಂತಿಲ್ಲ. ಜೊತೆಗೆ ಕ್ಷಯ: ತಮಿಳುನಾಡಿನಲ್ಲಿ 43,000 ಗಂಡಸರ ಸಾವುಗಳನ್ನು ಪರಿಶೀಲಿಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವು ಗಂಡಸರ ಕ್ಷಯದ ಸಾವುಗಳಲ್ಲಿ ಸುಮಾರು ಅರ್ಧಕ್ಕೆ ಧೂಮಪಾನ ಕಾರಣವೆಂದು ತೋರಿಸಿತು. ಇಕ್ಕಟ್ಟಾದ ಮನೆ, ಅರೆಹೊಟ್ಟೆ, ಬೀಡಿ ಮೂರೂ ಒಂದೇ ಬೀದಿಯಲ್ಲಿ ಸಿಗುತ್ತವೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಾತನವರ ಜೊತೆ ಸೇದುತ್ತಿದ್ದವರಲ್ಲಿ ಎಂಬತ್ತು ಮುಟ್ಟಿದವರು ಎಷ್ಟು ಮಂದಿ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಆಟೋ ಚಾಲಕ, ಬಿಟ್ಟವನು

ನಾನು ಹದಿನಾಲ್ಕು ವರ್ಷ ಹಾಕಿ, ಬಿಟ್ಟು ಎರಡನೇ ವರ್ಷ ನಡೆಯುತ್ತಿದೆ. ನಡುವೆ ಎರಡು ಸಲ ಮತ್ತೆ ಹಿಡಿದಿದ್ದೆ, ಅದನ್ನೂ ಹೇಳಬೇಕು. ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಫೋನ್ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡಿದರು. ಬೈಯಲಿಲ್ಲ, ಕ್ಯಾನ್ಸರ್ ಎಂದು ಹೆದರಿಸಲಿಲ್ಲ. ದಿನದಲ್ಲಿ ಮೊದಲ ಪೊಟ್ಟಣ ಯಾವಾಗ ಹಾಕುತ್ತೀರಿ ಎಂದು ಕೇಳಿದರು. ಸ್ಟ್ಯಾಂಡಿನಲ್ಲಿ ಮೊದಲ ಬಾಡಿಗೆಗೆ ಕಾಯುವಾಗ ಎಂದೆ. ಆ ಹೊತ್ತಿಗೆ ಬಾಯಿಗೆ ಬೇರೆ ಏನು ಹಾಕಬಹುದು ಎಂದರು, ಸೋಂಪು ಎಂದೆ. ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು.

ಮೊದಲ ವಾರ ಪ್ರಯಾಣಿಕರ ಮೇಲೆ ಸುಮ್ಮನೆ ರೇಗಿದ್ದೇನೆ, ಚಿಲ್ಲರೆಗಾಗಿ ಜಗಳವಾಡಿದ್ದೇನೆ. ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಎರಡು ಮಿಲಿಗ್ರಾಮಿನದಕ್ಕೆ ಚೀಟಿ ಬೇಡ. ಆದರೆ ಅದರ ಬೆಲೆ ನನ್ನ ಪೊಟ್ಟಣದ ಖರ್ಚಿಗಿಂತ ಹೆಚ್ಚಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೇಳಿದೆ, ಇಲ್ಲ ಎಂದರು.

ದಂತವೈದ್ಯೆ, ದಾವಣಗೆರೆ

ಅಣ್ಣನವರೇ, ಎರಡು ಸಲ ಮತ್ತೆ ಹಿಡಿದಿದ್ದನ್ನು ಬರೆದಿರಿ, ಅದಕ್ಕೆ ವಿಶೇಷವಾಗಿ ಕೃತಜ್ಞತೆ. ನನ್ನ ರೋಗಿಗಳು ಸೋತದ್ದನ್ನು ಹೇಳಲು ನಾಚಿ ಶಿಬಿರಕ್ಕೆ ಬರುವುದನ್ನೇ ಬಿಡುತ್ತಾರೆ. ಔಷಧದ ವಿಷಯದಲ್ಲಿ ಒಂದು ಮಾತು: ನಿಕೋಟಿನ್ ಬದಲಿ ಚಿಕಿತ್ಸೆ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದದ್ದು ಕೌಂಟರಿನವರೆಗೆ ಬರಬೇಕೆಂದರೆ ಬೇಡಿಕೆ ಬರಹದಲ್ಲಿ ಇರಬೇಕು. ಕೇಳಿ ಇಲ್ಲವೆನ್ನಿಸಿಕೊಂಡು ಹೋದವರ ಲೆಕ್ಕವನ್ನು ಯಾವ ಆಸ್ಪತ್ರೆಯೂ ಬರೆದಿಡುವುದಿಲ್ಲ.

ಬೀಡಿ ಕಟ್ಟುವ ತಾಯಿಯ ಮಗಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಬೀಡಿಯ ಬೆಲೆಯನ್ನು ಅಗ್ಗವಾಗಿಡುವುದು ಅವರ ಅಮ್ಮನಿಗೆ ಮಾಡುವ ಉಪಕಾರ ಎಂಬ ವಾದವನ್ನು ನಾನು ಒಪ್ಪಲಾರೆ. ಅಗ್ಗದ ಬೀಡಿ ಸೇದಿ ಕೆಮ್ಮುವವರೂ ಅದೇ ಬೀದಿಯವರು. ಭಾರತ 2003ರಲ್ಲಿ ಸಹಿ ಮಾಡಿ 2004ರಲ್ಲಿ ಅಂಗೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ ತಂಬಾಕು ಕಾರ್ಮಿಕರಿಗೆ, ಬೆಳೆಗಾರರಿಗೆ, ಸಂದರ್ಭಕ್ಕೆ ತಕ್ಕಂತೆ ಚಿಲ್ಲರೆ ಮಾರಾಟಗಾರರಿಗೂ ಬದಲಿ ಜೀವನೋಪಾಯವನ್ನು ಉತ್ತೇಜಿಸಬೇಕು ಎನ್ನುತ್ತದೆ. ಅಂದರೆ ಅಮ್ಮನೂ ಅದರಲ್ಲಿದ್ದಾರೆ, ಅಂಗಡಿಯವರೂ ಇದ್ದಾರೆ. ಬೀಡಿಯಿಂದ ಬರುವ ತೆರಿಗೆಯನ್ನು ಹೆಚ್ಚಿಸಿ, ಆ ಹೆಚ್ಚಳವನ್ನು ಹೆಸರಿಟ್ಟು ಬೀಡಿ ಕಟ್ಟುವವರ ಕೆಲಸ ಬದಲಾವಣೆಗೆ, ಮಕ್ಕಳ ಓದಿಗೆ ಕೊಡಬೇಕು. 2017ರಲ್ಲಿ ಕೈಬಿಟ್ಟ ನಿಧಿಯ ದಾರಿಯನ್ನು ಬೇರೆ ರೂಪದಲ್ಲಿ ತೆರೆಯಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

ನಿವೃತ್ತ ಆರೋಗ್ಯ ನಿರೀಕ್ಷಕ, ಚಿತ್ರದುರ್ಗ

ಮೇಲಿನ ಅಧಿಕಾರಿಗಳಿಗೆ ಬರೆಯಬೇಕಾದ್ದನ್ನು ಬರೆಯೋಣ. ಅದಕ್ಕೆ ಮೊದಲು ನಮ್ಮ ಕೈಯಲ್ಲಿ ಒಂದು ಲೆಕ್ಕ ಇರಲಿ ಎಂಬುದು ನನ್ನ ಸಲಹೆ. ಜನರನ್ನು ಕೇಳಿದರೆ ನಾಚುತ್ತಾರೆ, ಅಂಗಡಿಯವರನ್ನು ಕೇಳಿದರೆ ಹೆದರುತ್ತಾರೆ. ನೆಲಕ್ಕೆ ನಾಚಿಕೆಯಿಲ್ಲ. ಒಂದು ಶಾಲೆಯ ಸುತ್ತ ನೂರು ಗಜದೊಳಗೆ ಬಿದ್ದ ಖಾಲಿ ಪೊಟ್ಟಣ, ಬೀಡಿ ಕಟ್ಟಿನ ಕಾಗದ, ಸಿಗರೇಟಿನ ಪ್ಯಾಕು ಇವನ್ನು ಎಣಿಸಿದರೆ ಹೇಗೆ?

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿ

ಬಹಳ ಒಳ್ಳೆಯ ಯೋಚನೆ, ಆದರೆ ಎಚ್ಚರಿಕೆ ಬೇಕು. ಒಂದು ಪೊಟ್ಟಣ ಒಂದು ಬಾಯಿಯದು, ಒಂದು ಬೀಡಿ ಕಟ್ಟಿನ ಕಾಗದ ಇಪ್ಪತ್ತೈದು ಬೀಡಿಯದು, ಸಿಗರೇಟಿನ ಪ್ಯಾಕು ಹತ್ತೋ ಇಪ್ಪತ್ತೋ. ಹಾಗೆಯೇ ಎಣಿಸಿದರೆ ಪೊಟ್ಟಣವೇ ಊರು ತುಂಬಿದಂತೆ ಕಾಣುತ್ತದೆ. ಬೀಡಿ, ಸಿಗರೇಟಿನ ತುಂಡುಗಳನ್ನು ಬೇರೆಯಾಗಿ ಎಣಿಸಬೇಕು. ಪಾನ್ ಮಸಾಲೆಯ ಪೊಟ್ಟಣ ಮತ್ತು ತಂಬಾಕಿನ ಪೊಟ್ಟಣವನ್ನು ಬೇರೆ ಕಾಲಂನಲ್ಲಿ ಬರೆಯಬೇಕು, ಎರಡೂ ಹೆಚ್ಚುಕಡಿಮೆ ಸಮಸಮ ಬಂದರೆ ನಿಷೇಧಿತ ಗುಟ್ಕಾ ನೆಲದ ಮೇಲೆ ಹೇಗೆ ಬದುಕಿದೆ ಎಂಬುದಕ್ಕೆ ಅದೇ ಪುರಾವೆ. ಪೌರಕಾರ್ಮಿಕರು ಗುಡಿಸುವ ಮೊದಲು, ಪ್ರತಿ ಸಲ ಅದೇ ಹೊತ್ತಿಗೆ, ಅದೇ ನಾಲ್ಕು ಬೀದಿಗಳಲ್ಲಿ. ಮಕ್ಕಳನ್ನು ಇದಕ್ಕೆ ಬಳಸುವುದು ಬೇಡ, ಕೈಗವಸು ಇರಲಿ.

ಹಳೇ ಬಸ್ ನಿಲ್ದಾಣದ ಅಂಗಡಿಯವನು

ಅಂಗಡಿಯ ಹೆಸರು ಬರೆಯುವುದಿಲ್ಲ ಎಂದಾದರೆ ನಾನೂ ಬರುತ್ತೇನೆ. ಯಾವ ಪೊಟ್ಟಣ ಯಾವುದರ ಜೋಡಿ ಎಂಬುದು ನಿಮ್ಮಲ್ಲಿ ಯಾರಿಗೂ ನನ್ನಷ್ಟು ಗೊತ್ತಿರಲಾರದು. ಬರುವ ಭಾನುವಾರ ಬೆಳಗಿನ ಐದೂವರೆಗೆ ಸೇರೋಣ, ಆರಕ್ಕೆ ಗುಡಿಸಲು ಶುರು ಮಾಡುತ್ತಾರೆ.

ದಂತವೈದ್ಯೆ, ದಾವಣಗೆರೆ

ಆಗಲಿ. ಅಂಗಡಿಯ ಹೆಸರು ಬರೆಯುವುದಿಲ್ಲ, ವಿತರಕನ ಗಾಡಿಯ ದಿನ, ಹೊತ್ತುಗಳನ್ನು ತಾವು ಹೇಳಿದರೆ ಬರೆಯುತ್ತೇವೆ. ಎಣಿಕೆ ಮುಗಿದ ಮೇಲೆ ಬೀಡಿ ಕಟ್ಟುವವರ ಬಡಾವಣೆಯಲ್ಲಿ ಬಾಯಿ ಮತ್ತು ಎದೆಯ ತಪಾಸಣೆ ಇಟ್ಟುಕೊಳ್ಳಬೇಕೆಂದಿದ್ದೇನೆ, ಆಮೇಲೆ ಚನ್ನಗಿರಿಯ ತೋಟಕ್ಕೆ. ಮಗಳೇ, ಬೆಳಿಗ್ಗೆ ಹತ್ತಕ್ಕೆ ಬಂದರೆ ಅಮ್ಮ, ಅಕ್ಕಪಕ್ಕದವರು ಸಿಗುತ್ತಾರೆಯೇ?

ಬೀಡಿ ಕಟ್ಟುವವರ ಮಗಳು

ಹತ್ತಕ್ಕೆ ಯಾರೂ ಮೊರ ಇಳಿಸುವುದಿಲ್ಲ ಮೇಡಂ. ಒಂದು ಗಂಟೆಗೆ ಬೀಡಿ ಒಪ್ಪಿಸಬೇಕು. ಎರಡೂವರೆಯ ಮೇಲೆ ಬನ್ನಿ, ಇಡೀ ಬೀದಿ ಇರುತ್ತದೆ. ಅಮ್ಮನಿಗೆ ಮೂರು ಬೆರಳಿನ ಪರೀಕ್ಷೆ ಹೇಳಿದೆ, ಅಲ್ಲೇ ಮಾಡಿ ನೋಡಿದರು, ಮೂರೂ ಹೋದವು. ಪಕ್ಕದ ಮನೆಯ ಚಿಕ್ಕಮ್ಮನಿಗೆ ಎರಡೇ ಹೋದದ್ದು.